ಮಿಂಚಿನ ಗುರುತು ಇದೆ, ಚಾರ್ಜ್ ಮಾತ್ರ ಇಲ್ಲ

ಬೈಕಿನ ಹ್ಯಾಂಡಲ್ ಮೇಲೆ ಫೋನ್ ಕೂರಿಸಿಕೊಂಡು ದೂರ ಹೋಗುವವರಿಗೆ ಇದು ಹೊಸದೇನಲ್ಲ. ಸ್ಕ್ರೀನಿನ ಮೂಲೆಯಲ್ಲಿ ಮಿಂಚಿನ ಗುರುತು ಇರುತ್ತದೆ, ಅಂದರೆ ಚಾರ್ಜ್ ಆಗುತ್ತಿದೆ. ಆದರೆ ಪಕ್ಕದ ಅಂಕಿ ಇಳಿಯುತ್ತಲೇ ಇರುತ್ತದೆ. ಆವತ್ತು ನನಗೆ ಹಾಗೇ ಆಯಿತು. ಬೆಳಿಗ್ಗೆ ಹೊರಟಾಗ ಹೆಚ್ಚುಕಡಿಮೆ ತುಂಬಿದ್ದ ಬ್ಯಾಟರಿ, ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಗುರುತು ಒಮ್ಮೆಯೂ ಆರಿರಲಿಲ್ಲ.

ಜೊತೆಗೆ ಬಂದಿದ್ದ ಗೆಳೆಯನ ಬೈಕಿನಲ್ಲಿ ಹಳೆಯ ಜಿಪಿಎಸ್ ಇತ್ತು. ಅವನಿಗೆ ಫೋನಿನ ಮೇಲೆ ಅಷ್ಟಾಗಿ ನಂಬಿಕೆ ಇಲ್ಲ. ಗ್ಲೌಸ್ ಹಾಕಿಕೊಂಡೇ ಒತ್ತಬಹುದು, ಮಳೆಯಲ್ಲಿ ನೆನೆಯಬಹುದು, ಬಿಸಿಲಲ್ಲೂ ಕಾಣುತ್ತದೆ, ಮತ್ತೇನು ಬೇಕು ಅನ್ನುತ್ತಾನೆ. ಮಾತು ನಿಜವೇ. ಆದರೆ ಆ ಡಬ್ಬಿಯೂ ಆವತ್ತು ಬೇರೆಯದೇ ಆಟ ಶುರು ಮಾಡಿತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನನ್ನ ಫೋನು. ನೆರಳು ಕಂಡ ಕಡೆ ನಿಲ್ಲಿಸಿದೆವು. ಮುಟ್ಟಿ ನೋಡಿದರೆ ಫೋನಿನ ಬೆನ್ನು ಸುಡುತ್ತಿತ್ತು. ಬ್ರೈಟ್‌ನೆಸ್ ಪೂರ್ತಿ, ನಕ್ಷೆ ಓಡುತ್ತಿದೆ, ಮೊಬೈಲ್ ಡೇಟಾ ಆನ್, ಬ್ಲೂಟೂತ್‌ನಲ್ಲಿ ಹೆಲ್ಮೆಟ್, ಮೇಲಿಂದ ಬಿಸಿಲು. ಲಿಥಿಯಂ ಬ್ಯಾಟರಿಯನ್ನು ಸುಮಾರು 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಮಾಡುವುದು ಅದರ ಆಯುಸ್ಸಿಗೆ ಒಳ್ಳೆಯದಲ್ಲ, ಹಾಗಾಗಿ ಫೋನು ಬಿಸಿಯಾದಾಗ ತಾನೇ ಕರೆಂಟ್ ತೆಗೆದುಕೊಳ್ಳುವುದನ್ನು ಕಡಿಮೆ ಮಾಡುತ್ತದೆ, ಕೆಲವೊಮ್ಮೆ ನಿಲ್ಲಿಸಿಯೇ ಬಿಡುತ್ತದೆ. ಗೆಳೆಯ ಇದೇ ಕಾರಣ ಅಂದ. ಸರಿ ಅಂತ ಸ್ವಲ್ಪ ಹೊತ್ತು ತಣ್ಣಗಾಗಲು ಬಿಟ್ಟು, ಬ್ರೈಟ್‌ನೆಸ್ ಇಳಿಸಿ, ಎಂಜಿನ್ ಆನ್ ಮಾಡಿ ಮತ್ತೆ ಸಿಕ್ಕಿಸಿದೆ. ಗುರುತು ಬಂತು. ಅಂಕಿ ಅಲ್ಲಾಡಲಿಲ್ಲ.

ನನ್ನ ಟೂಲ್ ಚೀಲದಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಯುಎಸ್‌ಬಿ ಮೀಟರ್ ಇರುತ್ತದೆ. ಕೇಬಲ್ಲಿಗೂ ಫೋನಿಗೂ ನಡುವೆ ಸಿಕ್ಕಿಸಿದರೆ ಎಷ್ಟು ವೋಲ್ಟ್, ಎಷ್ಟು ಆಂಪ್ ಅಂತ ತೋರಿಸುತ್ತದೆ. ಮಲ್ಟಿಮೀಟರ್‌ಗಿಂತ ಇದೇ ಬೈಕಿನವರಿಗೆ ಜಾಸ್ತಿ ಉಪಯೋಗ ಅಂತ ನನ್ನ ಅನಿಸಿಕೆ. ಫೋನಿನ ತುದಿಯಲ್ಲಿ ಹಾಕಿ ನೋಡಿದರೆ 4.4 ವೋಲ್ಟ್ ಸುತ್ತಮುತ್ತ ಓಲಾಡುತ್ತಿತ್ತು. ಕರೆಂಟು ಅರ್ಧ ಆಂಪ್ ಕೂಡ ಇರಲಿಲ್ಲ. ಅದೇ ಮೀಟರನ್ನು ಸೀಟಿನ ಕೆಳಗಿದ್ದ ಚಾರ್ಜರ್ ಬಾಯಿಗೇ ಹಾಕಿದರೆ 5.1 ವೋಲ್ಟ್. ಅಂದರೆ ಚಾರ್ಜರ್ ಸರಿಯಾಗಿದೆ, ಬೈಕಿನ ಬ್ಯಾಟರಿ ಸರಿಯಾಗಿದೆ, ದಾರಿಯಲ್ಲಿ ಯಾರೋ ತಿನ್ನುತ್ತಿದ್ದಾರೆ.

ತಿನ್ನುತ್ತಿದ್ದದ್ದು ಕೇಬಲ್. ಟ್ಯಾಂಕ್ ಕೆಳಗಿಂದ ಹಾಯಿಸಿದ್ದ ಉದ್ದನೆಯ ಯುಎಸ್‌ಬಿ ಕೇಬಲ್ ಅದು. ಅದರ ಮೈಮೇಲೆ ಕಣ್ಣು ಕಿರಿದು ಮಾಡಿ ಓದಿದರೆ ಸಣ್ಣ ಅಕ್ಷರದಲ್ಲಿ 28ಎಡಬ್ಲ್ಯುಜಿ ಅಂತ ಅಚ್ಚಾಗಿತ್ತು. ಎಡಬ್ಲ್ಯುಜಿ ಅಂದರೆ ತಂತಿಯ ದಪ್ಪದ ಅಳತೆ, ಆ ಲೆಕ್ಕದಲ್ಲಿ ಅಂಕಿ ಹೆಚ್ಚಾದಷ್ಟೂ ತಂತಿ ತೆಳು. 28ರ ತಾಮ್ರದ ತಂತಿಗೆ ಒಂದು ಮೀಟರಿಗೆ ಸುಮಾರು 0.21 ಓಮ್ ಪ್ರತಿರೋಧ. ಕರೆಂಟು ಹೋಗಿ ಬರಬೇಕಲ್ಲ, ಹಾಗಾಗಿ ಮೀಟರ್ ಉದ್ದದ ಕೇಬಲ್ಲಿಗೆ ಅದರ ಎರಡರಷ್ಟು. ಫೋನು 2 ಆಂಪ್ ಕೇಳಿದರೆ 0.8 ವೋಲ್ಟಿಗಿಂತ ಜಾಸ್ತಿ ತಂತಿಯಲ್ಲೇ ಖರ್ಚು. ಮನೆಯ ಗೋಡೆಗೆ ಹಾಕಿದಾಗ ಇದು ಯಾರ ಗಮನಕ್ಕೂ ಬರುವುದಿಲ್ಲ. ರಾತ್ರಿಯಿಡೀ ನಿಧಾನವಾಗಿ ತುಂಬಿಕೊಳ್ಳುತ್ತದೆ. ಬೈಕಿನ ಮೇಲೆ ಫೋನು ಕೆಲಸ ಮಾಡುತ್ತಲೇ ತುಂಬಿಕೊಳ್ಳಬೇಕು. ವೋಲ್ಟ್ ಕುಸಿಯುತ್ತಿದೆ ಅಂತ ಗೊತ್ತಾದ ಕೂಡಲೇ ಫೋನು ಕೇಳುವುದನ್ನೇ ಕಡಿಮೆ ಮಾಡುತ್ತದೆ. ಮಿಂಚಿನ ಗುರುತಿಗೆ ಇದ್ಯಾವುದೂ ಸಂಬಂಧ ಇಲ್ಲ. ತೂತು ಕೊಡಕ್ಕೆ ನೀರು ಬೀಳುತ್ತಿದೆ ಅಂತಷ್ಟೇ ಅದು ಹೇಳುತ್ತದೆ, ಎಷ್ಟು ನಿಲ್ಲುತ್ತಿದೆ ಅಂತ ಹೇಳುವುದಿಲ್ಲ.

ನನ್ನ ಬ್ಯಾಗಿನಲ್ಲಿ ಇನ್ನೊಂದು ಕೇಬಲ್ ಇತ್ತು, ಗಿಡ್ಡದ್ದು, ದಪ್ಪದ್ದು, ವಿದ್ಯುತ್ ತಂತಿ 24ಎಡಬ್ಲ್ಯುಜಿ. ಆದರೆ ಅದು ಸೀಟಿನಿಂದ ಹ್ಯಾಂಡಲ್ ತನಕ ಮುಟ್ಟಬೇಕಲ್ಲ! ಸೀಟಿನ ಅಂಚಿನಿಂದ ಟ್ಯಾಂಕ್ ಬ್ಯಾಗಿನವರೆಗೆ ಮಾತ್ರ ಬಂತು. ಹಾಗಾಗಿ ಫೋನನ್ನೇ ಹ್ಯಾಂಡಲ್‌ನಿಂದ ಇಳಿಸಿ ಟ್ಯಾಂಕ್ ಬ್ಯಾಗಿನ ಮೇಲಿನ ಪ್ಲಾಸ್ಟಿಕ್ ಕಿಟಕಿಯೊಳಗೆ ತುರುಕಿದೆ. ಮೀಟರ್ ಈಗ ಒಂದೂವರೆ ಆಂಪ್ ತೋರಿಸಿತು. ಕಿಟಕಿಯೊಳಗೆ ಗಾಳಿ ಆಡುವುದಿಲ್ಲ, ಬಿಸಿ ಜಾಸ್ತಿ ಆಗುತ್ತದೆ ಅಂತ ಸ್ಕ್ರೀನ್ ಆರಿಸಿ, ಕಿವಿಗೆ ಬರುವ ಧ್ವನಿಯನ್ನೇ ನಂಬಿಕೊಂಡು ಹೊರಟೆ. ಸ್ಕ್ರೀನ್ ಆರಿಸಿದರೆ ಎಷ್ಟು ಉಳಿಯುತ್ತದೆ ಅಂದರೆ, ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು ಅಂತ ಇಟ್ಟುಕೊಳ್ಳಿ.

ಇನ್ನು ಗೆಳೆಯನ ಜಿಪಿಎಸ್. ಅದರ ಜೊತೆಗೆ ಬಂದಿದ್ದ ಪವರ್ ಕೇಬಲ್ ಎಂದೋ ತುಂಡಾಗಿತ್ತಂತೆ. ಅವನು ಮನೆಯಲ್ಲಿದ್ದ ಹಳೆಯ ಮಿನಿ ಯುಎಸ್‌ಬಿ ಕೇಬಲ್ ತಂದಿದ್ದ. ತುದಿ ಸರಿಯಾಗಿ ಕೂರುತ್ತದೆ, 5 ವೋಲ್ಟ್ ಬರುತ್ತದೆ. ಆದರೆ ಸಿಕ್ಕಿಸಿದ ಕೂಡಲೇ ನಕ್ಷೆ ಮಾಯ, ಸ್ಕ್ರೀನಿನಲ್ಲಿ ಒಂದು ಕಂಪ್ಯೂಟರ್ ಚಿತ್ರ! ಡಬ್ಬಿ ತನ್ನನ್ನು ಪೆನ್‌ಡ್ರೈವ್ ಅಂದುಕೊಂಡು ಕೂತಿದೆ. ತೆಗೆದರೆ ನಕ್ಷೆ ಬರುತ್ತದೆ, ಹಾಕಿದರೆ ಕಂಪ್ಯೂಟರ್. ಅವನು ಬೈದುಕೊಳ್ಳುತ್ತಾ ಹಾಕಿ ತೆಗೆದು ಮಾಡುತ್ತಲೇ ಇದ್ದ.

ಇದರ ಗುಟ್ಟು ಆ ಪ್ಲಗ್ಗಿನೊಳಗೆ ಇದೆ. ಮಿನಿ ಯುಎಸ್‌ಬಿಯಲ್ಲಿ ಐದು ಪಿನ್. ಎರಡು ವಿದ್ಯುತ್ತಿಗೆ, ಎರಡು ಡೇಟಾಗೆ, ಉಳಿದ ನಾಲ್ಕನೇ ಪಿನ್ ಗುರುತು ಹೇಳುವುದಕ್ಕೆ. ಬೈಕಿಗೋ ಕಾರಿಗೋ ಅಂತ ಮಾಡಿದ ಜಿಪಿಎಸ್ ಪವರ್ ಕೇಬಲ್ಲುಗಳಲ್ಲಿ ಈ ನಾಲ್ಕನೇ ಪಿನ್ನಿಗೆ ಒಂದು ರೆಸಿಸ್ಟರ್ (ಕರೆಂಟನ್ನು ತಡೆಯುವ ಪುಟ್ಟ ಬಿಡಿಭಾಗ) ಹಾಕಿ ಅರ್ಥಿಗೆ, ಅಂದರೆ ಮೈನಸ್ ತಂತಿಗೆ, ಜೋಡಿಸಿರುತ್ತಾರೆ. ಅದನ್ನು ನೋಡಿದ ಜಿಪಿಎಸ್ 'ಓ, ಇದು ಗಾಡಿ' ಅಂತ ನಕ್ಷೆ ತೋರಿಸುತ್ತದೆ. ಸಾಮಾನ್ಯ ಕೇಬಲ್ಲಿನಲ್ಲಿ ಆ ಪಿನ್ ಖಾಲಿ. ಖಾಲಿ ಕಂಡರೆ ಕಂಪ್ಯೂಟರ್ ಅಂತಲೇ ಲೆಕ್ಕ. ಚಾರ್ಜರ್ ಎಷ್ಟೇ ಒಳ್ಳೆಯದಾಗಿದ್ದರೂ ಅಷ್ಟೇ, ಪವರ್ ಬ್ಯಾಂಕಿಗೆ ಹಾಕಿದರೂ ಅಷ್ಟೇ. ದಾರಿಯಲ್ಲಿ ನಿಂತು ಆ ಪುಟಾಣಿ ಪ್ಲಗ್ ಬಿಚ್ಚಿ ಸಾಲ್ಡರ್ ಮಾಡಲು ಆಗುತ್ತದಾ? ಅವನು ಅದನ್ನು ಒಳಗಿನ ಬ್ಯಾಟರಿಯಲ್ಲೇ ಓಡಿಸಿದ, ಉದ್ದನೆಯ ನೇರ ದಾರಿಯಲ್ಲಿ ಆರಿಸಿ, ತಿರುವುಗಳು ಬರುವ ಕಡೆ ಮಾತ್ರ ಹಚ್ಚಿಕೊಂಡು. ಊಟಕ್ಕೆ ನಿಂತಾಗ ಕಂಪ್ಯೂಟರ್ ಚಿತ್ರ ನೋಡಿಕೊಂಡೇ ಅದಕ್ಕೆ ಒಂದಿಷ್ಟು ಚಾರ್ಜ್ ತುಂಬಿಸಿದ.

ಮಧ್ಯಾಹ್ನದ ಮೇಲೆ ಮಳೆ ಬಂತು. ಟ್ಯಾಂಕ್ ಬ್ಯಾಗಿನ ಜಿಪ್ ಸಂದಿಯಿಂದ ಕೇಬಲ್ ಒಳಗೆ ಹೋಗುತ್ತಿತ್ತಲ್ಲ, ನೀರು ಅದನ್ನೇ ಹಿಡಿದುಕೊಂಡು ಇಳಿದು ಪ್ಲಗ್ಗಿನ ತನಕ ಬಂದಿತ್ತು. ಫೋನು ಚಾರ್ಜಿಂಗ್ ಪೋರ್ಟಿನಲ್ಲಿ ತೇವ ಇದೆ, ಕೇಬಲ್ ತೆಗೆಯಿರಿ ಅಂತ ಎಚ್ಚರಿಕೆ ಕೊಟ್ಟು ಚಾರ್ಜ್ ನಿಲ್ಲಿಸಿತು. ಕಿರಿಕಿರಿ ಅನಿಸುತ್ತದೆ, ಆದರೆ ಅದು ಸುಮ್ನೆ ಹೆದರಿಸುವುದಲ್ಲ. ನೀರಿನಲ್ಲಿ 5 ವೋಲ್ಟ್ ನಿಂತರೆ ಸಾಕು, ಪಿನ್ನುಗಳು ತುಕ್ಕು ಹಿಡಿದು ಕರಗುತ್ತಾ ಹೋಗುತ್ತವೆ. ಹಳೆಯ ಕೇಬಲ್ಲುಗಳ ಬಾಯಲ್ಲಿ ಹಸಿರು ಬಣ್ಣದ ಪುಡಿ ಕಂಡಿದ್ದರೆ, ಅದು ಇದೇ. ಕೇಬಲ್ ಪ್ಲಗ್ಗಿಗೆ ಹೋಗುವ ಮುಂಚೆ ಸ್ವಲ್ಪ ಕೆಳಕ್ಕೆ ಜೋತುಬಿದ್ದು ಮೇಲಕ್ಕೆ ಏರುವ ಹಾಗೆ ಬಿಟ್ಟರೆ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಕಾಸು ಖರ್ಚಿಲ್ಲದ ಉಪಾಯ.

ಗೆಳೆಯನ ಹತ್ತಿರ ವೈರ್‌ಲೆಸ್ ಚಾರ್ಜ್ ಮಾಡುವ ಪವರ್ ಬ್ಯಾಂಕ್ ಇತ್ತು. ಸಾಮಾನ್ಯವಾಗಿ ನನಗೆ ವೈರ್‌ಲೆಸ್ ಇಷ್ಟವಿಲ್ಲ. ಒಂದಷ್ಟು ಶಕ್ತಿ ಬರೀ ಬಿಸಿಯಾಗಿ ಹೋಗುತ್ತದೆ, ಆ ಬಿಸಿಯೆಲ್ಲ ಫೋನಿನ ಬೆನ್ನಿಗೇ. ಆದರೆ ಮಳೆಯಲ್ಲಿ ಬಿಸಿಯ ಚಿಂತೆ ಇಲ್ಲ, ಪೋರ್ಟೂ ಬೇಕಿಲ್ಲ. ಎರಡನ್ನೂ ರಬ್ಬರ್ ಬ್ಯಾಂಡ್ ಹಾಕಿ ಬೆನ್ನಿಗೆ ಬೆನ್ನು ಕಟ್ಟಿ ಜಾಕೆಟ್ಟಿನ ಒಳಜೇಬಿಗೆ ಸೇರಿಸಿದೆ. ಪವರ್ ಬ್ಯಾಂಕಿನ ಲೆಕ್ಕವೂ ಒಂದು ಮೋಜು. 10,000 ಎಂಎಎಚ್ ಅಂತ ಬರೆದಿರುವುದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, ಅಂದರೆ 37 ವ್ಯಾಟ್‌ಅವರ್. ಅದನ್ನು 5 ವೋಲ್ಟಿಗೆ ಏರಿಸಿ, ವೈರ್‌ಲೆಸ್ಸಿನಲ್ಲಿ ದಾಟಿಸಿ ಫೋನಿಗೆ ತಲುಪಿಸುವಷ್ಟರಲ್ಲಿ ಎಷ್ಟೋ ಸೋರಿ ಹೋಗಿರುತ್ತದೆ. ಆದರೂ ಆವತ್ತು ಊರು ಮುಟ್ಟಿಸಿತು.

ಮುಂದಿನ ರಜೆಯಲ್ಲಿ ಇಬ್ಬರೂ ಕೂತು ನನ್ನ ಬೈಕಿನ ವೈರಿಂಗ್ ಬಿಚ್ಚಿದೆವು. ಮಾಡಿದ ದೊಡ್ಡ ಬದಲಾವಣೆ ಒಂದೇ. 12 ವೋಲ್ಟನ್ನು 5ಕ್ಕೆ ಇಳಿಸುವ ಚಾರ್ಜರನ್ನು ಸೀಟಿನ ಕೆಳಗಿಂದ ಕಿತ್ತು ಹ್ಯಾಂಡಲ್ ಹತ್ತಿರಕ್ಕೆ ತಂದೆವು. ಉದ್ದದ ದಾರಿಯನ್ನು ಈಗ 12 ವೋಲ್ಟ್ ಕ್ರಮಿಸುತ್ತದೆ, ಕೊನೆಯ ಗೇಣು ದೂರ ಮಾತ್ರ 5 ವೋಲ್ಟ್. ಫೋನಿಗೆ 10 ವ್ಯಾಟ್ ಬೇಕಾದರೆ 5 ವೋಲ್ಟಿನಲ್ಲಿ 2 ಆಂಪ್ ಹರಿಯಬೇಕು, 12ರಲ್ಲಿ ಒಂದರ ಆಸುಪಾಸು ಸಾಕು. ನಡುವೆ ಅರ್ಧ ವೋಲ್ಟ್ ಕಳೆದುಹೋದರೂ ಚಾರ್ಜರ್ ತಲೆ ಕೆಡಿಸಿಕೊಳ್ಳುವುದಿಲ್ಲ, ಅದು ಅಚ್ಚುಕಟ್ಟಾಗಿ 5 ಮಾಡಿಯೇ ಕೊಡುತ್ತದೆ.

ಚಾರ್ಜರ್ ಹಾಕಿದರೆ ಬೈಕಿನ ಬ್ಯಾಟರಿ ಇಳಿಯುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಓಡುವಾಗ ಹಾಗೇನೂ ಇಲ್ಲ. ಹಳೆಯ ಹ್ಯಾಲೊಜೆನ್ ಹೆಡ್‌ಲೈಟ್ ಒಂದೇ 55 ವ್ಯಾಟ್ ತಿನ್ನುತ್ತದೆ, ಫೋನು ಅದರ ಮುಂದೆ ಏನೂ ಅಲ್ಲ. ತೊಂದರೆ ಇರುವುದು ನಿಲ್ಲಿಸಿದ ಮೇಲೆ. ಬ್ಯಾಟರಿಗೆ ನೇರ ಜೋಡಿಸಿದ ಯುಎಸ್‌ಬಿ ಸಾಕೆಟ್ಟಿನಲ್ಲಿ ಒಂದು ನೀಲಿ ದೀಪ ಉರಿಯುತ್ತಿರುತ್ತದಲ್ಲ, ದೀಪವೂ ಒಳಗಿನ ಸರ್ಕ್ಯೂಟೂ ಸೇರಿ 10 ಮಿಲಿಆಂಪ್ ಎಳೆದರೂ ದಿನಕ್ಕೆ 0.24 ಆಂಪ್‌ಅವರ್ ಆಯಿತು. 8 ಆಂಪ್‌ಅವರ್ ಬ್ಯಾಟರಿ ತಿಂಗಳು ಕಳೆದರೆ ಖಾಲಿ. ಅದಕ್ಕೂ ಎಷ್ಟೋ ಮುಂಚೆಯೇ ಸೆಲ್ಫ್ ಹೊಡೆಯುವುದು ನಿಂತಿರುತ್ತದೆ.

ಅದಕ್ಕೇ ರಿಲೇ ಹಾಕಿದ್ದು, ಅಂದರೆ ಒಂದು ವೈರಿನಲ್ಲಿ ಸಣ್ಣ ಕರೆಂಟು ಬಂದಾಗ ಮಾತ್ರ ಇನ್ನೊಂದು ವೈರಿನ ದಾರಿ ತೆರೆಯುವ ಸ್ವಿಚ್ಚು. ಅದರ ಒಂದೊಂದು ಕಾಲಿಗೂ ಒಂದೊಂದು ನಂಬರ್ ಇರುತ್ತದೆ. ಬ್ಯಾಟರಿಯ ಪ್ಲಸ್ಸಿನಿಂದ ಗೇಣು ದೂರದೊಳಗೆ 5 ಆಂಪ್ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಕಾಲಿಗೆ. 87ರಿಂದ ಹೊರಟ ವೈರು ಹ್ಯಾಂಡಲ್ ಹತ್ತಿರದ ಚಾರ್ಜರಿಗೆ. 86ಕ್ಕೆ ಪಾರ್ಕಿಂಗ್ ಲೈಟಿನ ವೈರಿನಿಂದ ಒಂದು ಕವಲು, 85 ಅರ್ಥಿಗೆ. ಕೀ ತಿರುಗಿಸಿದರೆ ಸೀಟಿನ ಕೆಳಗಿಂದ ಟಿಕ್ ಅನ್ನುವ ಸದ್ದು, ಕೀ ತೆಗೆದರೆ ಇನ್ನೊಂದು ಟಿಕ್, ಅಲ್ಲಿಗೆ ಎಲ್ಲ ಬಂದ್. ಪಾರ್ಕಿಂಗ್ ಲೈಟಿನ ವೈರಿನಿಂದಲೇ ನೇರ ಚಾರ್ಜರ್ ಓಡಿಸಿದರೆ ಸಾಲದಾ ಅಂತ ಗೆಳೆಯ ಕೇಳಿದ. ಓಡಬಹುದು, ಆದರೆ ಆ ಫ್ಯೂಸ್ ಹಾರಿದರೆ ಹಿಂದಿನ ದೀಪವೂ ಆರುತ್ತದೆ. ಕತ್ತಲಲ್ಲಿ ಫೋನ್ ಚಾರ್ಜಿಗಿಂತ ಹಿಂದಿನ ದೀಪ ಮುಖ್ಯ ಅಲ್ವಾ? ಫ್ಯೂಸ್ ಇರುವುದು ಫೋನ್ ಕಾಯುವುದಕ್ಕೆ ಅಂತಲೂ ಕೆಲವರು ಅಂದುಕೊಂಡಿದ್ದಾರೆ. ಅದು ಕಾಯುವುದು ವೈರನ್ನು. ಹ್ಯಾಂಡಲ್ ತಿರುಗುವಲ್ಲಿ ವೈರು ಫ್ರೇಮಿಗೆ ಉಜ್ಜಿ ಸಿಪ್ಪೆ ಎದ್ದು ಅರ್ಥ್ ಆದರೆ, ಟ್ಯಾಂಕಿನ ಕೆಳಗೇ ಬೆಂಕಿ ಹತ್ತಬಾರದು, ಅಷ್ಟೇ. ಆ ಜಾಗದಲ್ಲಿ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ವೈರು ಎಲ್ಲೂ ಬಿಗಿಯುವುದಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಟೈ ಹಾಕಿದ್ದು.

ಗೆಳೆಯ ಜಿಪಿಎಸ್ಸಿಗೆ ಅದರದ್ದೇ ಪವರ್ ಕೇಬಲ್ ತರಿಸಿಕೊಂಡ. ಈಗ ಕೀ ತೆಗೆದರೆ ಅದು 'ಹೊರಗಿನ ಪವರ್ ಹೋಯಿತು, ಆರಿಸಲಾ' ಅಂತ ಮರ್ಯಾದೆಯಿಂದ ಕೇಳಿ ತಾನೇ ಮಲಗುತ್ತದೆ. ಫೋನಿನವರಿಗೆ ಈ ಸುಖ ಇಲ್ಲ ಅಂತ ನನ್ನನ್ನು ರೇಗಿಸುವುದನ್ನು ಅವನು ಬಿಟ್ಟಿಲ್ಲ.

ನಾನು ಮಾಡಿದ ಇನ್ನೊಂದು ಕೆಲಸ, ಹೊಸ ಫೋನನ್ನು ಹ್ಯಾಂಡಲ್‌ನಿಂದ ಇಳಿಸಿದ್ದು. ಬೈಕಿನ ಎಂಜಿನ್ ನಡುಕಕ್ಕೆ ಕ್ಯಾಮೆರಾದೊಳಗಿನ ಅಲುಗಾಟ ತಡೆಯುವ ಭಾಗ ಹಾಳಾಗಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಹಾಗಾಗಿ ಡ್ರಾಯರಿನಲ್ಲಿ ಬಿದ್ದಿದ್ದ ಹಳೆಯ ಫೋನಿಗೆ ಆಫ್‌ಲೈನ್ ನಕ್ಷೆ ಇಳಿಸಿ ಅದನ್ನು ಕೂರಿಸಿದ್ದೇನೆ. ಉಪಗ್ರಹದಿಂದ ಜಾಗ ತಿಳಿಯಲು ಸಿಮ್ ಬೇಕಿಲ್ಲ. ನೆಟ್‌ವರ್ಕ್ ಹುಡುಕುವ ಕೆಲಸ ಇಲ್ಲದ್ದರಿಂದ ಬ್ಯಾಟರಿ ಖರ್ಚೂ ಕಡಿಮೆ. ಕ್ಯಾಮೆರಾ ಹೋದರೂ ಅಳುವವರಿಲ್ಲ. ಒಂದೇ ತಾಪತ್ರಯ, ಅದರದ್ದು ಮೈಕ್ರೋ ಯುಎಸ್‌ಬಿ ಪೋರ್ಟು. ಆ ಪ್ಲಗ್ಗು ನಡುಕಕ್ಕೆ ನಿಲ್ಲುವ ಜಾತಿಯಲ್ಲ, ಒರಟು ರಸ್ತೆ ಬಂದರೆ ಚಾರ್ಜ್ ಬಿಟ್ಟು ಬಿಟ್ಟು ಹಿಡಿಯುತ್ತದೆ. ಸದ್ಯಕ್ಕೆ ಪ್ಲಗ್ಗಿನ ಕುತ್ತಿಗೆಯನ್ನು ಮೌಂಟಿಗೇ ಟೈ ಹಾಕಿ ಬಿಗಿದಿದ್ದೇನೆ. ಮುಂದಿನ ದೂರದ ರೈಡ್ ತನಕ ತಡೆದರೆ ನೋಡೋಣ.