ಟೇಪು ಸುತ್ತಿದ್ದು ಎಲ್ಲಿ? ಕಾಡಿನ ದೀರ್ಘಕಾಲದ ಡೇಟಾ ಹಂಚುವವರಿಗೆ

ಶಾಶ್ವತ ಪ್ಲಾಟು ಎಂದರೆ ಗುರುತು ಮಾಡಿಟ್ಟು, ಅದೇ ಮರಗಳನ್ನು ಮತ್ತೆ ಮತ್ತೆ ಅಳೆಯುವ ಕಾಡಿನ ತುಂಡು. ಅದರ ಮರಗಳ ಡೇಟಾವನ್ನು ಆನ್‌ಲೈನಿಗೆ ಹಾಕುವಾಗ ಎಲ್ಲರಿಗೂ ಮೊದಲು ನೆನಪಾಗುವುದು ಲೈಸೆನ್ಸು, ಅಂದರೆ ಬೇರೆಯವರು ಅದನ್ನು ಬಳಸುವ ಷರತ್ತು. ಅದು ಅರ್ಧ ಗಂಟೆಯ ಕೆಲಸ. ತಿಂಗಳುಗಟ್ಟಲೆ ತಿನ್ನುವುದು ಬೇರೆಯೇ: ಫೈಲಿನಲ್ಲಿರುವ ಸಂಖ್ಯೆ ಹೇಗೆ ಬಂತು ಎಂಬುದನ್ನು, ಕಾಡನ್ನೇ ನೋಡದವರಿಗೂ ತಿಳಿಯುವಂತೆ ಬರೆದಿಡುವುದು.

ಕಾಂಡದ ದಪ್ಪವನ್ನು ನೆಲದಿಂದ ಎಷ್ಟು ಎತ್ತರದಲ್ಲಿ ಅಳೆಯುತ್ತೀರಿ ಎಂಬುದನ್ನೇ ತೆಗೆದುಕೊಳ್ಳಿ. ನಮ್ಮ ಅರಣ್ಯ ಇಲಾಖೆಗಳ ರೂಢಿ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ. ಹೊರದೇಶದ ಪ್ಲಾಟುಗಳಲ್ಲಿ ಹೆಚ್ಚಾಗಿ 1.3 ಮೀಟರ್. ಮರ ಬುಡದ ಕಡೆಗೆ ದಪ್ಪ. ಹಾಗಾಗಿ ನಡುವೆ 1.37ರಿಂದ 1.3ಕ್ಕೆ ಇಳಿದರೆ ಒಂದಿಷ್ಟೂ ಬೆಳೆಯದ ಮರವೂ ಬೆಳೆದಂತೆ ಕಾಣುತ್ತದೆ. ಇನ್ನು ನಮ್ಮಲ್ಲಿ ಸುತ್ತಳತೆ ಬರೆಯುವವರು ಹೆಚ್ಚು, ಹೊರಗಿನವರು ಕೇಳುವುದು ವ್ಯಾಸ. 30 ಸೆಂ.ಮೀ. ಸುತ್ತಳತೆಯ ಮರದ ವ್ಯಾಸ 9.55 ಸೆಂ.ಮೀ. ಮಾತ್ರ, ಅದನ್ನು '10 ಸೆಂ.ಮೀ. ಮತ್ತು ಮೇಲ್ಪಟ್ಟ' ಪ್ಲಾಟುಗಳ ಜೊತೆ ಹಾಗೇ ಸೇರಿಸಿದರೆ ಸಣ್ಣ ಮರಗಳ ಎಣಿಕೆ ತಪ್ಪುತ್ತದೆ. ಮುದುಮಲೈಯಲ್ಲಿ 1988ರಿಂದ ಭಾರತೀಯ ವಿಜ್ಞಾನ ಸಂಸ್ಥೆ ಅಳೆಯುತ್ತ ಬಂದಿರುವ 50 ಹೆಕ್ಟೇರ್ ಪ್ಲಾಟಿನಲ್ಲಿ 1 ಸೆಂ.ಮೀ. ವ್ಯಾಸದ ಗಿಡವೂ ಲೆಕ್ಕಕ್ಕೆ ಬರುತ್ತದೆ. ಯಾವ ಗಾತ್ರದಿಂದ ಶುರು ಮಾಡಿದಿರಿ ಎಂಬ ಒಂದು ಸಾಲು ಇಲ್ಲದಿದ್ದರೆ ಯಾವ ಹೋಲಿಕೆಗೂ ಅರ್ಥವಿಲ್ಲ.

ವ್ಯಾಸದ ಟೇಪಿನ ಒಂದು ಮಗ್ಗುಲಲ್ಲಿ ಸಾಮಾನ್ಯ ಸೆಂಟಿಮೀಟರ್, ಇನ್ನೊಂದರಲ್ಲಿ ನೇರವಾಗಿ ವ್ಯಾಸ ಓದುವ ಗುರುತು ಇರುತ್ತದೆ. ಮಳೆಯಲ್ಲಿ ಮಗ್ಗುಲು ತಪ್ಪುವುದು ಸಹಜ. ಹಂಚುವ ಮುನ್ನ ಈ ಸಲದ ಅಳತೆಯನ್ನು ಹಿಂದಿನದರಿಂದ ಭಾಗಿಸಿ ನೋಡಿ. ಸುತ್ತಳತೆ ವ್ಯಾಸದ 3.14 ಪಟ್ಟು. ಹಾಗಾಗಿ ಉತ್ತರ 3.14 ಅಥವಾ 0.32ರ ಆಸುಪಾಸಿಗೆ ಬಂದ ಮರಗಳನ್ನೆಲ್ಲ ಕಾಡಿನಲ್ಲಿ ಬರೆದ ಕಾಗದದ ಶೀಟಿಗೆ ಹೋಲಿಸಬೇಕು.

ಬುಡದಲ್ಲಿ ಹಲಗೆಯಂತೆ ಚಾಚುವ ಬಟ್ರೆಸ್ ಬೇರಿನ ಮರಗಳಲ್ಲಿ ಬೇರು ಮೇಲೇರಿದಂತೆ ಅಳೆಯುವ ಜಾಗವೂ ಮೇಲೇರಬೇಕಾಗುತ್ತದೆ. ಬದಲಿಸುವ ವರ್ಷ ಹಳೇ ಜಾಗದಲ್ಲೂ ಹೊಸ ಜಾಗದಲ್ಲೂ ಅಳೆದು, ಎರಡೂ ಎತ್ತರಗಳನ್ನು ಪ್ರತ್ಯೇಕ ಕಾಲಂನಲ್ಲಿ ಬರೆಯಿರಿ. ಇಲ್ಲವಾದರೆ ದೊಡ್ಡ ಮರವೊಂದು ಒಂದೇ ಸಲಕ್ಕೆ ಸಣ್ಣದಾಗುತ್ತದೆ.

ಅಳತೆ ಕುಗ್ಗಿದೆ ಎಂದು ಆ ಮರದ ಬೆಳವಣಿಗೆಯನ್ನು ಸೊನ್ನೆ ಮಾಡುವ ಚಾಳಿಯೂ ಇದೆ. ಮಾಡಬೇಡಿ. ತೊಗಟೆ ಉದುರಿದರೆ, ಬೇಸಿಗೆಯಲ್ಲಿ ಕಾಂಡದ ನೀರು ಇಳಿದರೆ ಮರ ನಿಜಕ್ಕೂ ತುಸು ಕುಗ್ಗುತ್ತದೆ. ಅಳತೆಯ ತಪ್ಪು ಎರಡೂ ಕಡೆಗೆ ಇರುವಾಗ ಕೆಳಗಿನದನ್ನಷ್ಟೇ ಕತ್ತರಿಸಿದರೆ ಸರಾಸರಿ ಬೆಳವಣಿಗೆ ಸುಳ್ಳಾಗಿ ಏರುತ್ತದೆ. ಮೂಲ ಸಂಖ್ಯೆ ಹಾಗೇ ಇರಲಿ, ಅನುಮಾನಕ್ಕೆ ಪಕ್ಕದಲ್ಲೊಂದು ಕಾಲಂ ಇರಲಿ.

ಖಾಲಿ ಬಿಟ್ಟ ಕೋಶ ಇನ್ನೂ ಅಪಾಯಕಾರಿ. ಮರ ಸತ್ತಿತೇ, ಹುಡುಕಿದರೂ ಸಿಗಲಿಲ್ಲವೇ, ಮರಕ್ಕೆ ಹೊಡೆದ ನಂಬರಿನ ಟ್ಯಾಗ್ ಮಾತ್ರ ಸಿಕ್ಕಿತೇ, ಆ ಸಲ ಅತ್ತ ಹೋಗಲೇ ಇಲ್ಲವೇ? ನಾಲ್ಕಕ್ಕೂ ಬೇರೆ ಬೇರೆ ಕೋಡ್ ಬೇಕು. ಸಾವಿನ ಪ್ರಮಾಣ ನಿಂತಿರುವುದೇ ಅದರ ಮೇಲೆ. ಸತ್ತಿದೆ ಎಂದು ಬರೆದದ್ದು ಮುಂದಿನ ಗಣತಿಗೆ ಬುಡದಿಂದ ಚಿಗುರಿರುವುದೂ ಉಂಟು. ಅದಕ್ಕೂ ಒಂದು ಕೋಡ್. ಸತ್ತ ಮರದ ನಂಬರನ್ನು ಹೊಸ ಗಿಡಕ್ಕೆ ಕೊಡಲೇಬೇಡಿ.

ಕಾಸರಗೋಡಿನಂಥ ಕಡೆ ಹೆಸರಿನದು ಬೇರೆ ಫಜೀತಿ. ಒಂದೇ ತಂಡದಲ್ಲಿ ಕನ್ನಡ, ತುಳು, ಮಲಯಾಳ ಮಾತನಾಡುವವರಿರುತ್ತಾರೆ. ಕನ್ನಡದವರ ಮತ್ತಿ ಟರ್ಮಿನೇಲಿಯಾ. ಮಲಯಾಳದವರ ಮಟ್ಟಿ ಐಲಾಂಥಸ್ ಟ್ರೈಫೈಸಾ. ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿದರೆ ಎರಡೂ ಒಂದೇ. ವೈಜ್ಞಾನಿಕ ಹೆಸರು ಕೊಟ್ಟರೂ ಮುಗಿಯಲಿಲ್ಲ: ಆ ಮತ್ತಿಯೇ ಟೊಮೆಂಟೋಸಾ, ಕ್ರೆನುಲೇಟಾ, ಎಲಿಪ್ಟಿಕಾ ಎಂದೆಲ್ಲ ದಾಖಲಾಗಿರುತ್ತದೆ. ಶೀಟಿನಲ್ಲಿ ಬರೆದ ಹೆಸರು, ಈಗ ಒಪ್ಪಿರುವ ಹೆಸರು, ಯಾವ ಪಟ್ಟಿ ನೋಡಿ ಒಪ್ಪಿದ್ದು, ಹೀಗೆ ಮೂರು ಕಾಲಂ ಇಡಿ.

ಎಕ್ಸೆಲ್ ಬಗ್ಗೆ ಚಿಕ್ಕದಾಗಿ: 00123 ಎಂಬ ಟ್ಯಾಗನ್ನು ಅದು 123 ಮಾಡುತ್ತದೆ, 12E3 ಎಂಬುದನ್ನು 12000 ಎಂದು ಓದುತ್ತದೆ. ಟ್ಯಾಗ್ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿ. 06/07/2019 ಜೂನೋ ಜುಲೈಯೋ ಯಾರಿಗೆ ಗೊತ್ತು? 2019-07-06 ಎಂದು ಬರೆದರೆ ವಾದವಿಲ್ಲ. ಕೊನೆಗೆ ಯುಟಿಎಫ್-8 ಸಿಎಸ್‌ವಿ ಆಗಿ, ಅಂದರೆ ಕನ್ನಡ ಅಕ್ಷರವೂ ಕೆಡದ ಸರಳ ಪಠ್ಯದ ಫೈಲಾಗಿ ಉಳಿಸಿ.

ಶ್ರೀಗಂಧವಿದ್ದರೆ ಪ್ಲಾಟಿನ ಮೂಲೆಯ ನಿಖರ ಅಕ್ಷಾಂಶ ರೇಖಾಂಶ ಹಾಕಬೇಡಿ. ಮರದ ಸ್ಥಾನ ಮರೆಮಾಡಿದ್ದೇವೆ ಎಂದುಕೊಂಡರೂ, ಮೂಲೆಯೂ ಅಲ್ಲಿಂದ ಎಷ್ಟು ಮೀಟರ್ ಎಂಬುದೂ ಇದ್ದರೆ ಕಳ್ಳನಿಗೆ ಕೂಡುವ ಲೆಕ್ಕವಷ್ಟೇ ಉಳಿಯುತ್ತದೆ. ಮೂಲೆಯನ್ನು 0.1 ಡಿಗ್ರಿಗೆ, ಅಂದರೆ ಸುಮಾರು 11 ಕಿ.ಮೀ.ಗೆ ಮಸುಕು ಮಾಡಿದರೆ ಒಳಗಿನ ಮೀಟರುಗಳನ್ನು ಹಾಗೇ ಕೊಡಬಹುದು. ಅಕ್ಕಪಕ್ಕದ ಮರಗಳ ನಡುವಿನ ಸ್ಪರ್ಧೆ ನೋಡುವವರಿಗೆ ಅಷ್ಟು ಸಾಕು. ಫೋಟೋಗಳೊಳಗೆ ಅಡಗಿರುವ ಜಿಪಿಎಸ್ ಅಳಿಸಿ. ಎಷ್ಟು ಮಸುಕು ಮಾಡಿದ್ದೀರಿ ಎಂಬುದನ್ನೂ ಬರೆಯಿರಿ, ಇಲ್ಲದಿದ್ದರೆ ಅದೇ ನಿಜವಾದ ಜಾಗ ಎಂದುಕೊಂಡು ಯಾರೋ ಅದರ ಮೇಲೆ ಮಳೆ ನಕ್ಷೆ ಕೂರಿಸುತ್ತಾರೆ. ಅರಣ್ಯ ಇಲಾಖೆಯ ಅನುಮತಿ ಪತ್ರದ ಷರತ್ತುಗಳನ್ನು ಇದಕ್ಕೂ ಮೊದಲೇ ಓದಿರಬೇಕು.

ಇಷ್ಟಾದ ಮೇಲೆ ಲೈಸೆನ್ಸು. ಡೇಟಾ ಹಂಚುವ ತಾಣವಾದ ಡ್ರಯಾಡ್‌ನಲ್ಲಿ ಸಿಸಿ0 (ಯಾವ ಷರತ್ತೂ ಇಲ್ಲದೆ ಬಳಸಬಹುದು) ಒಂದೇ. ಅಂಥದ್ದೇ ಇನ್ನೊಂದು ತಾಣ ಝೆನೋಡೋದಲ್ಲಿ ಸಿಸಿ ಬೈ (ಹೆಸರು ಹೇಳಿ ಬಳಸಬೇಕು) ಆರಿಸಬಹುದು, ಒಂದು ದಾಖಲೆಗೆ 50 ಜಿಬಿವರೆಗೆ ಜಾಗ. ವಿದ್ಯಾರ್ಥಿಯ ಪ್ರಬಂಧ ಬಾಕಿಯಿದ್ದರೆ ಫೈಲನ್ನು ಇಂಥ ದಿನದವರೆಗೆ ಮುಚ್ಚಿಡಲೂ ಬರುತ್ತದೆ. ಪ್ರತಿ ತಿದ್ದುಪಡಿಗೂ ಹೊಸ ಆವೃತ್ತಿ ಏರಿಸಿ, ಹಳೆಯದನ್ನು ಅಳಿಸಬೇಡಿ. ಝೆನೋಡೋ ಪ್ರತಿ ಆವೃತ್ತಿಗೆ ಒಂದು ಡಿಒಐ (ಬದಲಾಗದ ಆನ್‌ಲೈನ್ ಗುರುತು), ಎಲ್ಲಕ್ಕೂ ಸೇರಿ ಇನ್ನೊಂದು ಕೊಡುತ್ತದೆ. ಪ್ರಬಂಧದಲ್ಲಿ ಹಾಕಬೇಕಾದದ್ದು ಬಳಸಿದ ಆವೃತ್ತಿಯದೇ ಡಿಒಐ.