ಮನೆಯಲ್ಲೇ ಮಾಡಿದ ತಂಬೂರಿ

ಹಲಸಿನ ಮರದಿಂದ ತಂಬೂರಿ ಮಾಡುವಾಗ ಕೊಡವನ್ನು, ಅಂದರೆ ಬುಡದ ಟೊಳ್ಳು ಬುರುಡೆಯನ್ನು, ತೋಡುವುದು, ಉದ್ದನೆಯ ದಂಡಿಯನ್ನು ಜೋಡಿಸುವುದು, ತಂತಿ ಸುತ್ತುವ ಬಿರಡೆಗಳನ್ನು ಬಿಗಿಯಾಗಿ ಕೂರಿಸುವುದು, ಇವೆಲ್ಲ ಚೆನ್ನಾಗಿ ಒಣಗಿದ ಮರವೂ ಹರಿತವಾದ ಉಳಿಯೂ ಇದ್ದರೆ ತಾಳ್ಮೆಯಿಂದ ಸಾಧ್ಯವಾಗುವ ಕೆಲಸಗಳು. ನನ್ನ ಮನಸ್ಸನ್ನು ಬಹುವಾಗಿ ಹಿಡಿದಿಟ್ಟದ್ದು ಕುದುರೆ, ಅಂದರೆ ಕೊಡದ ಮುಚ್ಚಳದ ಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ಪುಟ್ಟ ಆಸರೆ. ಅದರ ಮೇಲ್ಮೈ ಸಪಾಟಾಗಿರದೆ ಅತಿ ಸೂಕ್ಷ್ಮವಾಗಿ ಬಾಗಿರಬೇಕು. ಮೀಟಿದ ತಂತಿಯು ಕಂಪಿಸುತ್ತ ಆ ಬಾಗಿನ ಮೇಲೆ ಮತ್ತೆ ಮತ್ತೆ ಸವರಿ ಹೋಗುವುದರಿಂದಲೇ ನಾದ ತುಂಬಿಕೊಳ್ಳುತ್ತದೆ, ಮಂದ್ರ ಷಡ್ಜದ (ಕೆಳ ಸ್ಥಾಯಿಯ ‘ಸ’ ಸ್ವರದ) ತಂತಿಯೊಳಗಿಂದ ನಾವು ಶ್ರುತಿ ಮಾಡಿರದ ಅಂತರ ಗಾಂಧಾರವೂ (‘ಗ’ ಸ್ವರದ ಒಂದು ಬಗೆ) ಕೇಳಿಬರುತ್ತದೆ. ತಂತಿಗೂ ಕುದುರೆಗೂ ನಡುವೆ ಇಡುವ ನೂಲಿನ ಜೀವಾಳವನ್ನು ಕೂದಲೆಳೆಯಷ್ಟು ಸರಿಸಿದರೂ ನಾದದ ಬಣ್ಣ ಬದಲಾಗುತ್ತದೆ. ಆದ್ದರಿಂದ ಕುದುರೆಯನ್ನು ಅಳತೆಗೋಲಿನಿಂದಲ್ಲ, ಕಿವಿಯಿಂದಲೇ ತಿದ್ದಬೇಕೆಂದು ನಾನು ದೃಢವಾಗಿ ನಂಬುತ್ತೇನೆ: ಸ್ವಲ್ಪ ಉಜ್ಜಿ, 4 ತಂತಿಗಳನ್ನೂ ಪಂಚಮ, ಷಡ್ಜ, ಷಡ್ಜ, ಮಂದ್ರ ಷಡ್ಜಗಳಿಗೆ ಶ್ರುತಿಗೊಳಿಸಿ ಕೇಳಿ, ಅನಂತರವೇ ಮತ್ತೆ ಉಜ್ಜಬೇಕು.