ಮೀಟರಿನಲ್ಲಿ ಸೊನ್ನೆ ಕಂಡು ಖುಷಿಪಟ್ಟಿದ್ದೆ

ಚಿಪ್‌ಗಳು ವಿಕಿರಣವನ್ನು ಎಷ್ಟು ತಡೆದುಕೊಳ್ಳುತ್ತವೆ ಎಂದು ನೋಡುವ ಪರೀಕ್ಷೆ. ಗಾಮಾ ಕಿರಣ ಸೂಸುವ ಕೋಬಾಲ್ಟ್-60 ಚೇಂಬರ್‌ನಲ್ಲಿ ಅವತ್ತು ನಮಗೆ ಸಿಕ್ಕಿದ್ದು ಒಂದೇ ಸ್ಲಾಟ್. ಫಿನ್‌ಫೆಟ್ (ರೆಕ್ಕೆಯಂತೆ ಎದ್ದು ನಿಂತ ಟ್ರಾನ್ಸಿಸ್ಟರ್) ಟೆಸ್ಟ್ ಚಿಪ್‌ಗಳು, ಗುರಿ 300 ಕಿಲೋರ್ಯಾಡ್; ರ್ಯಾಡ್ ಎಂದರೆ ಹೀರಿಕೊಂಡ ವಿಕಿರಣದ ಅಳತೆ. ಸೆಕೆಂಡಿಗೆ 50 ರ್ಯಾಡ್, ಅಂದರೆ ಪ್ರತಿ 100 ಕಿಲೋರ್ಯಾಡ್‌ಗೆ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ. ಮಧ್ಯೆ ನಿಲ್ಲಿಸಿ, ಒಂದು ಗಂಟೆಯೊಳಗೆ ಅಳತೆ ಶುರು ಮಾಡಬೇಕು.

ಸೋರ್ಸ್ ಮೇಲೆ ಬಂದು ಐದು ನಿಮಿಷ ಆಗಿರಬಹುದು. ಪವರ್ ಸಪ್ಲೈ 0.8 ವೋಲ್ಟ್ ತೋರಿಸುತ್ತಿತ್ತು. ಕರೆಂಟ್ ಮಾತ್ರ 0.002 ಇದ್ದದ್ದು 0.000 ಆಯಿತು. ಪಕ್ಕದಲ್ಲಿದ್ದ ಜೂನಿಯರ್, 'ಸರ್, ನಿಲ್ಲಿಸಿ ಕನೆಕ್ಟರ್ ನೋಡೋಣ್ವಾ?' ಎಂದಳು. ಕೊನೆಯ ಅಂಕಿ ಹಾಗೇ ಕುಣಿಯುತ್ತಿರುತ್ತದೆ, ಸುಮ್ನೆ ಸ್ಲಾಟ್ ಹಾಳಾಗುತ್ತದೆ ಎಂದೆ. ಅವಳು ಮತ್ತೆ ಕೇಳಲಿಲ್ಲ.

100ಕ್ಕೆ ನಿಂತಾಗಲಾದರೂ ನೋಡಬಹುದಿತ್ತು. ಆದರೆ ಗಡಿಯಾರದ ಧಾವಂತ. ಚಿಪ್‌ಗಳನ್ನು ಸಾಕೆಟ್‌ನಿಂದ ಕಿತ್ತು, ಕಪ್ಪು ಫೋಮ್‌ಗೆ ಚುಚ್ಚಿಕೊಂಡು ಅಳೆಯಲು ಓಡಿದೆವು. ಎನ್‌ಮಾಸ್ (ಒಂದು ಬಗೆಯ ಟ್ರಾನ್ಸಿಸ್ಟರ್) ಲೀಕೇಜ್, ಅಂದರೆ ಆಫ್ ಇದ್ದಾಗಲೂ ಸೋರುವ ಕರೆಂಟ್, ಹೆಚ್ಚೇನೂ ಏರಿರಲಿಲ್ಲ. 200ರಲ್ಲೂ ಅಷ್ಟೇ. ಮ್ಯಾನೇಜರ್ ಆಗಲೇ ಎರಡು ಸಲ ಫೋನ್ ಮಾಡಿ ಸ್ಲೈಡ್ ಕೇಳಿದ್ದರು. 300 ಮುಗಿದದ್ದೇ 'ಪಾಸ್' ಎಂದು ಬರೆದು ಕಳಿಸಿಬಿಟ್ಟೆ.

ಆಮೇಲೆ ಬೋರ್ಡ್ ಬಿಚ್ಚಲು ಹೋದೆ. ಕೆಂಪು ವೈರು ಎಳೆಯುವ ಮೊದಲೇ ಕೈಗೆ ಬಂತು. ಕನೆಕ್ಟರ್ ಒಳಗೆ ಪಿನ್ ಹಿಂದಕ್ಕೆ ಸರಿದಿತ್ತು. ಸಪ್ಲೈ ತನ್ನ ಬಾಯಲ್ಲಿರುವ ವೋಲ್ಟೇಜನ್ನು ತೋರಿಸುತ್ತದೆ, ಚಿಪ್‌ಗೆ ತಲುಪಿದ್ದನ್ನಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆ ವೈರು ಹಿಡಿದು ತುಂಬಾ ಹೊತ್ತು ಅಲ್ಲೇ ನಿಂತಿದ್ದೆ.

ಬಯಾಸ್ (ಚಿಪ್‌ಗೆ ಕೊಡುವ ವೋಲ್ಟೇಜ್) ಇಲ್ಲದೆ ಗಾಮಾ ಬಿದ್ದರೆ, ಟ್ರಾನ್ಸಿಸ್ಟರಿನ ಇನ್ಸುಲೇಟರ್ ಪದರವಾದ ಆಕ್ಸೈಡ್‌ನಲ್ಲಿ ಹುಟ್ಟಿದ ಎಲೆಕ್ಟ್ರಾನ್-ಹೋಲ್ (ಎಲೆಕ್ಟ್ರಾನ್ ಬಿಟ್ಟುಹೋದ, ಪಾಸಿಟಿವ್ ಚಾರ್ಜ್‌ನಂತೆ ವರ್ತಿಸುವ ಖಾಲಿ ಜಾಗ) ಜೋಡಿಗಳಲ್ಲಿ ಹೆಚ್ಚಿನವು ಅಲ್ಲಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಬಯಾಸ್ ಇದ್ದರೆ ಎಲೆಕ್ಟ್ರಾನ್ ಬೇಗ ಹೊರಟುಹೋಗುತ್ತದೆ, ನಿಧಾನದ ಹೋಲ್ ಸಿಕ್ಕಿಬೀಳುತ್ತದೆ. ಗೇಟ್ ಆಕ್ಸೈಡ್ ಈಗ ಎಷ್ಟು ತೆಳುವೆಂದರೆ ಅಲ್ಲಿ ಹೋಲ್ ನಿಲ್ಲುವುದು ಕಡಿಮೆ. ಫಿನ್ ಬುಡದ ಎಸ್‌ಟಿಐ (ಟ್ರಾನ್ಸಿಸ್ಟರ್‌ಗಳನ್ನು ಒಂದರಿಂದೊಂದು ಬೇರ್ಪಡಿಸುವ ಆಕ್ಸೈಡ್) ಹಾಗಲ್ಲ, ದಪ್ಪ. ಅಲ್ಲಿ ಕೂತ ಪಾಸಿಟಿವ್ ಚಾರ್ಜ್ ಎನ್‌ಮಾಸ್ ಆಫ್ ಇದ್ದಾಗಲೂ ಕೆಳಗಿಂದ ಒಂದು ದಾರಿ ತೆರೆಯುತ್ತದೆ. ನಾವು ಹುಡುಕಬೇಕಿದ್ದದ್ದು ಆ ದಾರಿಯನ್ನೇ, ಅಲ್ವಾ?

ಹೊಸ ಚಿಪ್ ಹಾಕಿ, ಬಯಾಸ್ ಕೊಟ್ಟು ಮತ್ತೆ ಮಾಡಿದಾಗ 100ರಲ್ಲೇ ಲೀಕೇಜ್ ಏರಿತು. 300ಕ್ಕೆ ಲಿಮಿಟ್ ದಾಟಿತು. ಸಿಕ್ಕಿಬಿದ್ದ ಚಾರ್ಜ್ ಬಿಡುಗಡೆಯಾಗಲೆಂದು 100 ಡಿಗ್ರಿಯಲ್ಲಿ 168 ಗಂಟೆ ಇಟ್ಟ ಮೇಲೆ ಬಹಳಷ್ಟು ಇಳಿಯಿತು. ಆ ಕೊನೆಯ ಅಂಕಿಯನ್ನಷ್ಟೇ ತೋರಿಸಿದರೆ ಸಾಕು ಎಂದು ಮೇಲಿನಿಂದ ಸೂಚನೆ ಬಂತು. ನಾನು ಎರಡನ್ನೂ ಹಾಕಿದೆ. ಹಳೆಯ ಸ್ಲೈಡನ್ನು ವಾಪಸ್ ಪಡೆದದ್ದು ಯಾಕೆಂದೂ ಬರೆದೆ. ಕನೆಕ್ಟರ್ ನೋಡೋಣ ಎಂದು ಮೊದಲು ಹೇಳಿದ್ದು ಯಾರು ಎಂಬುದನ್ನೂ ಸೇರಿಸಿದೆ.

ಸಾಕೆಟ್ ಪಕ್ಕದಿಂದಲೇ ವೋಲ್ಟೇಜ್ ಅಳೆಯಲು ಇನ್ನೊಂದು ಮೀಟರ್ ಬೇಕೆಂದು ಕೇಳಿದ್ದೇವೆ. ಇನ್ನೂ ಮಂಜೂರಾಗಿಲ್ಲ. ಸದ್ಯಕ್ಕೆ ಎರಡು ಸೆನ್ಸ್ ವೈರು ನಾವೇ ಬೆಸುಗೆ ಹಾಕಿ, ಬೇರೆ ಬೆಂಚಿನ ಮೀಟರ್ ತಂದು ಸಿಕ್ಕಿಸುತ್ತಿದ್ದೇವೆ.